ನಂದು ಆಯ್ತಣ್ಣ

ಕಡ್ಡಿಗೆ,

ಹಣೆಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಕೂತಿರುವ ಅಣ್ಣನ ಆಶೀರ್ವಾದಗಳು. ನಿನ್ನ ಸೌಟಿನ ಏಟು ಚೆನ್ನಾಗಿಯೇ ಬಿದ್ದಿದೆ. ಆರು ತಿಂಗಳ ಬಸುರಿ, ಮೈಯಲ್ಲಿ ರಕ್ತವೇ ಇಲ್ಲ ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದಾರೆ, ಆದರೂ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ ಕಾಣೆ. ಹೊಲಿಗೆ ಹಾಕಿದವನು "ಯಾರ್ರೀ ಹೊಡ್ದಿದ್ದು, ಕಳ್ಳರಾ?" ಎಂದು ಕೇಳಿದ. "ತಂಗಿ" ಎಂದೆ. "ಹಾಗಾದ್ರೆ ಪೊಲೀಸ್ ಬೇಡ ಬಿಡಿ" ಎನ್ನುತ್ತಾ ಸೂಜಿ ಎತ್ತಿಕೊಂಡ.

ನಿನ್ನ ಹತ್ತಿರ ಕ್ಷಮೆ ಕೇಳಲು ಈ ಪತ್ರ ಬರೆಯುತ್ತಿಲ್ಲ. ಯಾರ ಹಲ್ಲು ಮುರಿದೆನೋ ಅವನ ಹತ್ತಿರವೇ ಕೇಳಿಯಾಗಿದೆ, ಅದನ್ನು ಆಮೇಲೆ ಹೇಳುತ್ತೇನೆ. ಬರೆಯುತ್ತಿರುವುದು ನೀನು ಬಾಗಿಲಲ್ಲಿ ನಿಂತು ಅಂದ ಒಂದು ಮಾತಿಗಾಗಿ. "ನೀನೂ ಅಪ್ಪನ ಥರಾನೇ. ಹೊರಗ್ ನಡಿ." ಹೊಲಿಗೆಯನ್ನು ಹತ್ತು ದಿನಕ್ಕೆ ಬಿಚ್ಚುತ್ತಾರಂತೆ. ಆ ಮಾತು ಮಾತ್ರ ತರಕಾರಿ ಹೆಚ್ಚುವಾಗ, ಅನ್ನ ಬಸಿಯುವಾಗ ಕಿವಿಯಲ್ಲಿ ಗುಂಯ್ ಎನ್ನುತ್ತಲೇ ಇದೆ.

ಭಾನುವಾರ ನಡೆದದ್ದು ನಿನಗೆ ಗೊತ್ತು. ನನ್ನ ಕಣ್ಣಿಗೆ ಅದು ಹೇಗೆ ಕಂಡಿತು ಎನ್ನುವುದು ಗೊತ್ತಿಲ್ಲ. ನಾನು ಬಂದಾಗ ನಿನ್ನ ಗಂಡ ಟೈರ್ ಅಂಗಡಿಯಿಂದ ಆಗಷ್ಟೇ ಬಂದು ನಲ್ಲಿಯ ಕೆಳಗೆ ಕೈಯ ಮಸಿ ತಿಕ್ಕುತ್ತಿದ್ದ. ನೀನು ಗೋಡೆಗೆ ಒರಗಿಕೊಂಡು ಬಡಿಸುತ್ತಿದ್ದೆ. ಒರಗದೆ ನಿಲ್ಲಲು ನಿನ್ನಿಂದ ಆಗುತ್ತಿರಲಿಲ್ಲ. ತುಟಿಗೆ ಸುಣ್ಣ ಬಳಿದ ಹಾಗಿತ್ತು. ಕಪಾಟಿನ ಮೇಲಿದ್ದ ಆಸ್ಪತ್ರೆಯ ಚೀಟಿ ಎತ್ತಿ ನೋಡಿದೆ. ಹನ್ನೊಂದು ಇರಬೇಕಾದ ರಕ್ತ ಏಳು ಪಾಯಿಂಟ್ ನಾಲ್ಕು. ನರ್ಸು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು, ಮಾತ್ರೆ ಇಂಜೆಕ್ಷನ್ ಎರಡರಿಂದಲೇ ಸಾಲದು, ಹೊಟ್ಟೆಗೆ ಸರಿಯಾಗಿ ತಿನ್ನದಿದ್ದರೆ ಹೆರಿಗೆಯಲ್ಲಿ ಜೀವಕ್ಕೆ ಅಪಾಯ ಎಂದು ಬರೆದಿದ್ದಳು. ನಾನು ಓದಿ ತಲೆ ಎತ್ತುವಷ್ಟರಲ್ಲಿ ನೀನು ಎರಡು ಬೇಯಿಸಿದ ಮೊಟ್ಟೆ ಸುಲಿದು ಎರಡನ್ನೂ ಅವನ ತಟ್ಟೆಗೆ ಇಟ್ಟೆ. ಬೇಳೆಯ ಗಟ್ಟಿಯನ್ನೆಲ್ಲ ನನ್ನ ತಟ್ಟೆಗೆ ಸುರಿದೆ. ಮೂರನೆಯ ತಟ್ಟೆಯೇ ಇರಲಿಲ್ಲ. "ನಿಂದೆಲ್ಲಿ?" ಎಂದು ಕೇಳಿದೆ.

"ನಂದು ಆಯ್ತಣ್ಣ, ಬೆಳಗ್ಗೆನೇ ತಿಂದೆ."

ಅವನು ಮೊದಲ ತುತ್ತು ಬಾಯಿಗಿಟ್ಟಿದ್ದ. ಕೊರಳಪಟ್ಟಿ ಹಿಡಿದು ಎತ್ತಿ ಎಡಗೈಯಲ್ಲಿ ಒಂದು ಬಿಟ್ಟೆ. ತಟ್ಟೆ ಹಾರಿತು, ನೀರಿನ ಕೊಡ ಉರುಳಿತು, ಅವನು ಗೋಡೆಗೆ ಬಡಿದು ಕುಸಿದ. ಅನ್ನದ ಮೇಲೆ ರಕ್ತ, ರಕ್ತದ ನಡುವೆ ಒಂದು ಹಲ್ಲು. ಇನ್ನೊಂದು ಬಿಡೋಣವೆಂದು ಕೈ ಎತ್ತಿದಾಗ ಬಿತ್ತು ನಿನ್ನ ಸೌಟು. ಕಣ್ಣಿಗೆ ರಕ್ತ ಇಳಿದು ನೀನು ಸರಿಯಾಗಿ ಕಾಣಿಸಲಿಲ್ಲ, ಮಾತು ಮಾತ್ರ ಕೇಳಿಸಿತು.

ಏಳು ಪಾಯಿಂಟ್ ನಾಲ್ಕು ಎಂದು ಓದಿದಾಗ ನನಗೆ ನೆನಪಾದದ್ದು ಅಮ್ಮ. ನೀನಾಗ ಐದು ವರ್ಷದವಳು, ನಿನಗೆ ಮರೆತಿರಬಹುದು, ನನಗೆ ಒಂಬತ್ತು. ಮೂರನೆಯ ಹೆರಿಗೆಗೆ ಹೋಗುವ ಬೆಳಗ್ಗೆ ಕೂಡ ಅವಳು ಅಪ್ಪನಿಗೂ ನನಗೂ ಬಡಿಸಿ ಗಂಜಿಯ ನೀರು ಕುಡಿದು ಹೊರಟಳು. ಹೆಣವಾಗಿ ತಿರುಗಿ ತಂದಾಗ ಮುಖ ಕಾಗದದ ಹಾಗೆ ಬೆಳ್ಳಗಿತ್ತು. ಕೂಸೂ ಉಳಿದಿರಲಿಲ್ಲ. ಇದ್ದ ರಕ್ತವೆಲ್ಲ ಹರಿದುಹೋಯಿತು, ಇದ್ದದ್ದೇ ಕಮ್ಮಿ, ಎಂದು ದಾದಿ ಹೇಳಿದಳು. ಅಪ್ಪ ಆಸ್ಪತ್ರೆಯ ಗೋಡೆಗೆ ಗುದ್ದಿ ಗುದ್ದಿ ಗೆಣ್ಣು ಒಡೆದುಕೊಂಡ. ದುಃಖವಾದರೂ ಸಂತೋಷವಾದರೂ ಅವನಿಗೆ ಬರುತ್ತಿದ್ದದ್ದು ಅದೊಂದೇ ಭಾಷೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಬಲ್ಲವರು ಇರಲಿಲ್ಲ. ಗೋದಾಮಿನಲ್ಲಿ ಮೂಟೆ ಹೊರುವ ಅಪ್ಪ ಹಳೆಯ ಬಾಕ್ಸರ್, ದೊಡ್ಡದೇನನ್ನೂ ಗೆದ್ದವನಲ್ಲ. ತಾನು ಗೆಲ್ಲದ್ದನ್ನು ಮಗ ಗೆಲ್ಲಲಿ ಎಂದು ನನ್ನನ್ನು ಹತ್ತನೇ ವರ್ಷಕ್ಕೇ ಕ್ಲಬ್ಬಿಗೆ ಎಳೆದುಕೊಂಡು ಹೋದ. ಮನೆಗೆ ಒಂದು ಕಾನೂನು ಬಂತು: ಗೆದ್ದು ತರುವವನಿಗೆ ಮೊದಲು. ಮೊಟ್ಟೆ ನನಗೆ, ಹಾಲು ನನಗೆ, ವಾರದ ಮಾಂಸ ನನಗೆ. ಉಳಿದರೆ ಅಪ್ಪನಿಗೆ. ಅವನಿಂದ ಉಳಿದರೆ ನಿನಗೆ, ಅಂದರೆ ಪಾತ್ರೆಯ ತಳ. ನೀನು ಬಡಿಸುವಾಗ ನಾನು ಒಮ್ಮೊಮ್ಮೆ ಬಾಯಿಮಾತಿಗೆ "ನಿಂದು?" ಎಂದು ಕೇಳುತ್ತಿದ್ದೆ. "ನಂದು ಆಯ್ತಣ್ಣ" ಅನ್ನುತ್ತಿದ್ದೆ ನೀನು. ನಾನು ನಂಬಿದ ಹಾಗೆ ಮಾಡಿ ತಿನ್ನುತ್ತಿದ್ದೆ. ನಂಬುವುದು ನನಗೆ ಬಹಳ ಅನುಕೂಲವಾಗಿತ್ತು.

ಆ ಪೌಡರ್ ಡಬ್ಬ ನೆನಪಿದೆಯಾ? ಮೈತುಂಬ ಮಾಂಸಖಂಡ ಉಬ್ಬಿಸಿಕೊಂಡವನ ಚಿತ್ರವಿದ್ದದ್ದು. ಕ್ಲಬ್ಬಿನ ಪಕ್ಕದ ಅಂಗಡಿಯವನು ಅಪ್ಪನ ತಲೆಗೆ ಅದನ್ನು ತುಂಬಿದ. ತಿಂಗಳಿಗೊಂದು ಡಬ್ಬ ಬರತೊಡಗಿತು, ಬೇಳೆ ನೀರಾಯಿತು, ತರಕಾರಿ ನಿಂತೇಹೋಯಿತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಅದರಲ್ಲಿದ್ದ ಶಕ್ತಿಯನ್ನೆಲ್ಲ ನಾಲ್ಕು ಹಿಡಿ ಕಡಲೆಕಾಯಿ, ಒಂದು ಬಟ್ಟಲು ಕಾಳು ಕೊಡುತ್ತಿತ್ತು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ನಾನೇ ಸೌಟು ಹಿಡಿದಾಗ. ಆಗ ಒಬ್ಬನೇ ಕೂತು ಆ ಅಂಗಡಿಯವನಿಗೂ ಅಪ್ಪನಿಗೂ ಬೈದೆ. ಡಬ್ಬದ ತಳ ಬೆರಳಿನಿಂದ ಒರೆಸಿ ನೆಕ್ಕುತ್ತಿದ್ದ ನನಗೂ ಬೈದುಕೊಂಡೆ.

ಈಗ ಆ ಮಧ್ಯಾಹ್ನದ ಮಾತು. ಹದಿನೆಂಟು ವರ್ಷದಿಂದ ನಾವಿಬ್ಬರೂ ಬಾಯಿ ಬಿಡದೆ ಇಟ್ಟುಕೊಂಡದ್ದು.

ನನಗೆ ಹದಿನಾರು, ನಿನಗೆ ಹನ್ನೆರಡು. ಮರುದಿನ ಐವತ್ತನಾಲ್ಕು ಕೆಜಿಯ ಪಂದ್ಯ, ನಾನು ಒಂದೂವರೆ ಕೆಜಿ ಹೆಚ್ಚಿದ್ದೆ. ನಮ್ಮಂಥವರು ತೂಕ ಇಳಿಸುವ ರೀತಿ ನಿನಗೆ ಗೊತ್ತೇ ಇದೆ: ಎರಡು ದಿನ ಅನ್ನವಿಲ್ಲ, ನೀರಿಲ್ಲ, ಬೆವರು ಹರಿಯಲಿ ಎಂದು ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಓಟ, ಬಾಯಲ್ಲಿ ಉಗುಳು ಬಂದರೆ ಅದನ್ನೂ ಉಗಿಯಬೇಕು. ತೂಕ ನೋಡಿಯಾದ ಮೇಲೆ ತಿನ್ನಲೆಂದು ಅಪ್ಪ ಎರಡು ಬೇಯಿಸಿದ ಮೊಟ್ಟೆ, ಬ್ರೆಡ್ಡಿನ ತುಂಡು ಜಾಲರಿ ಬೀರುವಿನಲ್ಲಿ ಇಟ್ಟು ಕೆಲಸಕ್ಕೆ ಹೋಗಿದ್ದ. ನೀನು ನಲ್ಲಿಯ ಹತ್ತಿರ ನನ್ನ ಬಟ್ಟೆ ಒಗೆಯುತ್ತಿದ್ದೆ. ನಾನು ಬೀರು ತೆಗೆದು ಎರಡನ್ನೂ ಬಾಯಿಗೆ ತುರುಕಿಕೊಂಡೆ, ಬ್ರೆಡ್ಡು ನುಂಗಿದೆ, ಒಂದು ಚೊಂಬು ನೀರು ಕುಡಿದೆ. ತಿರುಗಿದರೆ ಬಾಗಿಲಲ್ಲಿ ನೀನು, ಒದ್ದೆ ಕೈಯಲ್ಲಿ ನನ್ನ ಚಡ್ಡಿ ಹಿಡಿದು ನಿಂತಿದ್ದೆ. ಹಾಗೇ ಬಟ್ಟೆ ಒಗೆಯಲು ತಿರುಗಿ ಹೋದೆ.

ಸಂಜೆ ಅಪ್ಪ ಬಂದು ಬೀರು ತೆರೆದ. ಯಾರು ಅಂದ. ನಾನು ನೆಲ ನೋಡಿದೆ. "ನಾನು, ನಂಗ್ ಹಸಿವಾಗಿತ್ತು" ಅಂದೆ ನೀನು, ಅವನು ಕೇಳಿ ಮುಗಿಸುವ ಮೊದಲೇ. ಅವನು ಬೆಲ್ಟು ಬಿಚ್ಚಿದ. ನನ್ನ ಕಡೆ ತಿರುಗಿ ಏನಂದ ಗೊತ್ತಾ? "ನೀನು ನೋಡ್ಬೇಡ, ನಾಳೆ ಪಂದ್ಯ ಇದೆ, ಮನಸ್ಸು ಕೆಡುತ್ತೆ. ಒಳಗೋಗಿ ಹಗ್ಗ ಹಾರು." ನಾನು ಒಳಗೆ ಹೋದೆ. ಹಗ್ಗ ಹಾರಿದೆ. ಎಣಿಸುತ್ತಾ ಹಾರಿದೆ ಕಡ್ಡಿ. ಗೋಡೆಯ ಆ ಕಡೆಯಿಂದ ಬೆಲ್ಟಿನ ಸದ್ದು, ಈ ಕಡೆ ಹಗ್ಗ ನೆಲಕ್ಕೆ ಬಡಿಯುವ ಸದ್ದು. ನಿನ್ನ ಧ್ವನಿ ಕೇಳಿಸದಿರಲಿ ಎಂದು ಜೋರಾಗಿ ಎಣಿಸಿದೆ. ನಾನೂರ ಹನ್ನೆರಡಕ್ಕೆ ಏನೋ ಬಿದ್ದ ಸದ್ದು, ಬೆಲ್ಟು ನಿಂತಿತು. ನೀನು ಏಟು ತಪ್ಪಿಸಿಕೊಳ್ಳಲು ಹೋಗಿ ಕಲ್ಲಿನ ಹೊಸ್ತಿಲ ಮೇಲೆ ಎಡಗೈ ಊರಿ ಬಿದ್ದಿದ್ದೆ.

ಬೇರೆ ಯಾರ ಮನೆಯಲ್ಲಾದರೂ ಮೂಳೆ ನೋಡಿಸಲು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ನಮ್ಮದು ಬಾಕ್ಸರುಗಳ ಮನೆ, ಮಣಿಕಟ್ಟು ಅಂದರೆ ನಮಗೆ ಎಲ್ಲ ಗೊತ್ತು. ಅಪ್ಪ ಒತ್ತಿ ನೋಡಿ "ಉಳುಕಿದೆ ಅಷ್ಟೇ" ಎಂದ. ನನ್ನ ಕೈಗೆ ಸುತ್ತುವ ಪಟ್ಟಿಯನ್ನೇ ತಣ್ಣೀರಿನಲ್ಲಿ ಅದ್ದಿ, ರಿಂಗಿಗೆ ಇಳಿಯುವವನಿಗೆ ಸುತ್ತುವ ಹಾಗೆ ಬೆರಳ ಸಂದಿಯಿಂದ ಎಳೆದು ಬಿಗಿಯಾಗಿ ಸುತ್ತಿದ. ಮೂರು ದಿನಕ್ಕೆ ಸರಿಹೋಗುತ್ತೆ ಎಂದ. ಮೂಳೆ ಎರಡಾಗಿತ್ತು. ಅದು ಸೊಟ್ಟಗೆ ಕೂಡಿಕೊಂಡದ್ದು ಇವತ್ತಿಗೂ ಹಾಗೇ ಇದೆ, ಭಾನುವಾರ ನೀನು ಮೊಟ್ಟೆ ಸುಲಿಯುವಾಗ ನೋಡಿದೆ.

ಮರುದಿನ ಬೆಳಗ್ಗೆ ಕೊನೆಯ ಗ್ರಾಮಿನವರೆಗೂ ಓಡಿ ತೂಕ ಇಳಿಸಿ ಪಂದ್ಯ ಗೆದ್ದೆ. ಎದುರಿನ ಹುಡುಗನ ಮೂಗು ಒಡೆದೆ, ಕೆಳಗೆ ಬಿದ್ದ ಮೇಲೂ ಬಗ್ಗಿ ಹೊಡೆದೆ, ರೆಫರಿ ಎಳೆದು ಹಿಡಿದ. ಜನ ಭೇಷ್ ಎಂದರು. ಅವನಿಗೆ ನಾನು ಹೊಡೆದದ್ದಲ್ಲ. ಆ ಏಟುಗಳೆಲ್ಲ ನನಗೇ ಬೀಳಬೇಕಾಗಿದ್ದವು.

ಎರಡು ವರ್ಷ ಬಿಟ್ಟು ಅಪ್ಪನಿಗೂ ಹೊಡೆದೆ. ಉಪ್ಪು ಜಾಸ್ತಿಯಾಯಿತೆಂದು ಅವನು ನಿನ್ನ ಕಡೆ ತಟ್ಟೆ ಬೀಸಿದ ದಿನ. ಒಂದೇ ಏಟು, ಅದೇ ಎಡಗೈ. ದವಡೆ ಮುರಿಯಿತು. ನಾನು ದೊಡ್ಡ ಶೂರನ ಹಾಗೆ ಎದೆ ಸೆಟೆದು ನಿಂತೆ, ತಂಗಿಯನ್ನು ಕಾಪಾಡಿದೆ ಅಂತ. ಆಮೇಲೆ ಏನಾಯಿತು ಹೇಳು. ಎರಡು ತಿಂಗಳು ಅವನಿಗೆ ಅಗಿಯಲು ಆಗಲಿಲ್ಲ. ಹಾಲು, ಹಸಿ ಮೊಟ್ಟೆ, ಬೇಳೆಕಟ್ಟು, ಎಲ್ಲ ಚಮಚದಲ್ಲಿ ಕುಡಿಸಿದವಳು ನೀನು. ಕೂಲಿ ನಿಂತ ಮನೆಯಲ್ಲಿ ಅದೆಲ್ಲ ಯಾರ ಪಾಲಿನಿಂದ ಬಂತು? ನಾನಂತೂ ಒಂದು ಹೊತ್ತೂ ಬಿಡಲಿಲ್ಲ. ಈ ವಾರವೆಲ್ಲ ಕೂತು ಯೋಚಿಸಿದಾಗ ನನಗೆ ತಿಳಿದದ್ದು ಇದು: ನಾನು ನಿನ್ನ ಹೆಸರಿನಲ್ಲಿ ಯಾರಿಗೆ ಹೊಡೆದರೂ ಕೊನೆಗೆ ಖಾಲಿಯಾಗುವುದು ನಿನ್ನ ತಟ್ಟೆಯೇ. ಅಪ್ಪನ ಥರ ಅಂದೆಯಲ್ಲ, ಸರಿಯಾಗಿಯೇ ಅಂದೆ. ಅಪ್ಪನಾದರೂ ಕೊನೆಗಾಲದಲ್ಲಿ ಹೊಡೆಯುವುದು ಬಿಟ್ಟಿದ್ದ, ನಾನು ಬಿಟ್ಟಿಲ್ಲ.

ಕಣ್ಣಿನ ಪೆಟ್ಟಿನಿಂದ ನನ್ನ ಬಾಕ್ಸಿಂಗ್ ನಿಂತು, ಗೋದಾಮಿನ ಹಮಾಲರ ಕ್ಯಾಂಟೀನಿಗೆ ಪಾತ್ರೆ ತೊಳೆಯಲು ಸೇರಿದ್ದು ನಿನಗೆ ಗೊತ್ತು. ಅಲ್ಲಿನ ದೊಡ್ಡ ಅಡುಗೆಯವಳು, ಬಾಯಿ ತೆಗೆದರೆ ಬೈಗುಳವೇ ಬರುವ ಮುದುಕಿ, ನನಗೆ ಮೊದಲ ದಿನ ಹೇಳಿದ್ದು: "ದುಡ್ಡಿದ್ದೋರು ಏನಾದ್ರೂ ತಿಂದು ಬದುಕ್ತಾರೆ ಕಣೋ, ಇಲ್ದೋರು ಬುದ್ಧಿಯಿಂದ ತಿನ್ಬೇಕು." ಎಂಬತ್ತು ಜನ, ಮೂಟೆ ಹೊರುವ ಹೊಟ್ಟೆಗಳು, ಕೈಗೆ ಸಿಗುವ ದುಡ್ಡು ಅಷ್ಟಕ್ಕಷ್ಟೇ. ಅವಳು ಪ್ರತಿ ತಟ್ಟೆಯಲ್ಲೂ ಅರ್ಧ ಸೊಪ್ಪು ತರಕಾರಿ ಇಡುತ್ತಿದ್ದಳು, ಉಳಿದ ಅರ್ಧದಲ್ಲಿ ಅನ್ನದಷ್ಟೇ ಕಾಳು. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ ಮೂಲಂಗಿಯವನು ಕಿತ್ತು ಬಿಸಾಡುವ ಸೊಪ್ಪನ್ನು ಬುಟ್ಟಿಗೆ ತುಂಬಿಸಿಕೊಂಡು ಬರುತ್ತಿದ್ದಳು. ಮೂಲಂಗಿಗಿಂತ ಅದರ ಸೊಪ್ಪೇ ಮೇಲು ಅನ್ನುತ್ತಿದ್ದಳು. ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು, ಮೊಳಕೆ ಬರಿಸಿದ ಕಾಳು, ಚುಕ್ಕೆ ಬಿದ್ದ ಬಾಳೆಹಣ್ಣು, ಸಾಗಿಸುವಾಗ ಬಿರುಕು ಬಿಟ್ಟ ಮೊಟ್ಟೆಯನ್ನು ಅವತ್ತೇ ಕೊಂಡು ಅವತ್ತೇ ಗಟ್ಟಿಯಾಗಿ ಬೇಯಿಸುವುದು. ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡದೆ ಬಡಿಸಿದರೆ ಸೌಟು ನನ್ನ ಬೆನ್ನ ಮೇಲೆ ಬೀಳುತ್ತಿತ್ತು, ಹುಳಿಯಿಲ್ಲದಿದ್ದರೆ ಅದರ ಕಬ್ಬಿಣ ಮೈಗೆ ಹತ್ತುವುದಿಲ್ಲವಂತೆ. ಊಟದ ಜೊತೆ ಟೀ ಕೇಳಿದವನಿಗೆ ಅವಳು ಕೊಡುತ್ತಿದ್ದ ಬೈಗುಳ ಪತ್ರದಲ್ಲಿ ಬರೆಯುವಂಥದ್ದಲ್ಲ. ಅವಳು ಹೋದ ಮೇಲೆ ಆ ಜಾಗ ನನಗೆ ಬಂತು. ಎಂಬತ್ತು ಜನರ ತಟ್ಟೆ ಬಗ್ಗಿ ಬಗ್ಗಿ ನೋಡುವ ನಾನು ನಿನ್ನ ತಟ್ಟೆ ನೋಡಲು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಬಂದವನು ಮಾಡಿದ್ದೇನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ.

ಯಾಕೆ ಹಾಗಂದೆನೆಂದರೆ, ಬುಧವಾರ ಬೆಳಗ್ಗೆ ನಿನ್ನ ಗಂಡ ಕ್ಯಾಂಟೀನಿಗೆ ಬಂದಿದ್ದ. ದವಡೆ ಬನ್ನಿನ ಹಾಗೆ ಊದಿತ್ತು. ಹಮಾಲರು ನಾಲ್ಕು ಜನ ಎದ್ದು ನಿಂತರು, ಜಗಳಕ್ಕೆ ಬಂದ ಅಂದುಕೊಂಡು. ನಾನೂ ಹಾಗೇ ಅಂದುಕೊಂಡು ಕತ್ತಿ ಕೆಳಗಿಟ್ಟು ಮುಂದೆ ಹೋದೆ, ಹೊಡೆದರೆ ಹೊಡೆಸಿಕೊಳ್ಳೋಣ ಅಂತ.

"ಹೊಡಿಯೋಕ್ ಬಂದಿಲ್ಲ ಭಾವ" ಎಂದ. ಹಲ್ಲಿಲ್ಲದ ಸಂದಿಯಿಂದ ಗಾಳಿ ಹೋಗುತ್ತಿತ್ತು. "ನಾಲ್ಕು ವರ್ಷದಿಂದ ಅವಳು ದಿನಾ ತಿಂದಾಯ್ತು ಅಂತಾಳೆ, ನಾನು ದಿನಾ ನಂಬ್ತೀನಿ. ಆ ಚೀಟಿ ಓದಿ ನಾನೇ ಮೊಟ್ಟೆ ತಂದಿಟ್ಟೆ, ದಿನಕ್ಕೆರಡು, ಅವಳಿಗೇ ಅಂತ. 'ನೀವು ತಂದ್ರಲ್ಲ, ನಾನು ಬೆಳಗ್ಗೆನೇ ಎರಡು ತಿಂದೆ, ಇದು ನಿಮ್ದು' ಅಂತಾಳೆ. ಸಿಪ್ಪೆ ಎಣಿಸೋ ಬುದ್ಧಿ ನಂಗೆ ಬರ್ಲಿಲ್ಲ."

ನಾನು ಬಾಯಿ ತೆಗೆಯುವ ಮೊದಲು ಅವನೇ ಮುಂದುವರಿಸಿದ. "ಅವತ್ತು ನೀವು ಹೋದ್ಮೇಲೆ ಅವಳು ನೆಲದ ಮೇಲೆ ಬಿದ್ದಿದ್ದ ಮೊಟ್ಟೆ ಎತ್ಕೊಂಡ್ಲು. ರಕ್ತ ತೊಳ್ದು ಮತ್ತೆ ನನ್ ತಟ್ಟೆಗೇ ಇಟ್ಲು. ಮೆತ್ತಗಿದೆ, ಅಗಿಯೋದ್ ಬೇಡ, ತಿನ್ನಿ ಅಂದ್ಲು. ನಿಮ್ ಏಟಿಗೆ ನಂಗೆ ಭಯ ಆಗ್ಲಿಲ್ಲ ಭಾವ. ಅದಕ್ಕೆ ಭಯ ಆಯ್ತು."

ಎಂಬತ್ತು ಜನರ ಎದುರು ಅವನ ಕಾಲು ಹಿಡಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ ಬಿಡಿ, ಜನ ನೋಡ್ತಿದಾರೆ. ಅಡುಗೆ ಕಲಿಸಿಕೊಡಿ ಸಾಕು" ಎಂದ. ಆವತ್ತಿನಿಂದ ದಿನಾ ಅಂಗಡಿ ತೆರೆಯುವ ಮುಂಚೆ ಬಂದು ನನ್ನ ಪಕ್ಕ ನಿಲ್ಲುತ್ತಿದ್ದಾನೆ. ಈರುಳ್ಳಿಯನ್ನು ಟ್ಯೂಬ್ ಕತ್ತರಿಸುವ ಹಾಗೆ ಕತ್ತರಿಸುತ್ತಾನೆ, ಮೊದಲ ದಿನ ಕಾಳು ಸೀಯಿಸಿದ, ಹಮಾಲರು ನನಗೆ ಬೈದರು. ಈಗ ಪರವಾಗಿಲ್ಲ. ಬೇಳೆ, ಸೊಪ್ಪು, ಮೊಟ್ಟೆ, ಸಣ್ಣ ಮೀನು ಇಷ್ಟು ಅವನ ಕೈಗೆ ಹತ್ತಿದೆ. ಅವನ ಮುಖ ನೋಡಿದಾಗೆಲ್ಲ ನನ್ನ ಎಡಗೈ ಕತ್ತರಿಸಿ ಬಿಸಾಡೋಣ ಅನ್ನಿಸುತ್ತದೆ. ಒಳ್ಳೆಯವನು ಕಣೇ. ನಿನಗೆ ಸುಳ್ಳು ಹೇಳಲು ಇಷ್ಟು ಸುಲಭದ ಮನುಷ್ಯ ಸಿಗಬಾರದಿತ್ತು.

ಆ ಸುಳ್ಳನ್ನು ನಿನಗೆ ಕಲಿಸಿದವನು ನಾನು. ಬೀರುವಿನ ಮುಂದೆ ನಾನು ಬಾಯಿ ಬಿಟ್ಟಿದ್ದರೆ ನನಗೆ ನಾಲ್ಕು ಬೀಳುತ್ತಿತ್ತು, ಒಂದು ಪಂದ್ಯ ಹೋಗುತ್ತಿತ್ತು, ಅಷ್ಟೇ. ಬಿಡಲಿಲ್ಲ. ನಿನ್ನ ಹಸಿವಿಗೆ ಬೆಲೆಯಿಲ್ಲ ಎಂದು ಆ ದಿನ ನಾನು ಹಗ್ಗ ಹಾರಿ ಹಾರಿ ನಿನಗೆ ಹೇಳಿಕೊಟ್ಟೆ. ನೀನು ಚೆನ್ನಾಗಿ ಕಲಿತುಕೊಂಡೆ. ಈಗ ಹೊಟ್ಟೆಯೊಳಗೆ ಇನ್ನೊಂದು ಜೀವ ಕೂತು ಅದನ್ನೇ ಕಲಿಯುತ್ತಿದೆ. ಅದು ಹೆಣ್ಣಾದರೆ ಅಮ್ಮ, ನೀನು, ಅದು, ಮೂರು ತಲೆಮಾರು ಆಗುತ್ತದೆ. ಇನ್ನು ಹನ್ನೆರಡು ವಾರವಿದೆ. ಏಳು ಪಾಯಿಂಟ್ ನಾಲ್ಕನ್ನು ಹೊತ್ತುಕೊಂಡು ನೀನು ಹೆರಿಗೆ ಕೋಣೆಗೆ ಹೋದರೆ ನಾನು ಹೊರಗೆ ಅಪ್ಪನ ಹಾಗೆ ಗೋಡೆಗೆ ಗುದ್ದುತ್ತಾ ನಿಲ್ಲಬೇಕಾಗುತ್ತದೆ. ನನ್ನಿಂದ ಆಗುವುದಿಲ್ಲ ಕಡ್ಡಿ. ಭಯವಾಗುತ್ತಿದೆ.

ನೀನು ಕರೆಯುವವರೆಗೆ ನಿನ್ನ ಹೊಸ್ತಿಲು ತುಳಿಯುವುದಿಲ್ಲ. ಕರೆಯದಿದ್ದರೂ ಸರಿ. ಕೂಸಿಗೆ ಮಾವನೇ ಇಲ್ಲ ಎಂದು ಹೇಳಿ ಬೆಳೆಸಿದರೂ ಸರಿ, ಬೆಳೆಸಲು ನೀನು ಇರಬೇಕು.

ಈ ಪತ್ರವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಓದಲು ಕೊಡುವ ಮೊದಲು ಅವನೇ ಅಡುಗೆ ಮಾಡಿ ಎರಡು ತಟ್ಟೆ ಬಡಿಸಿಟ್ಟಿರುತ್ತಾನೆ, ಎರಡರಲ್ಲೂ ಒಂದೇ ಸಮ. ನೀನು ಕೊನೆಯ ತುತ್ತು ನುಂಗಿ ಬಾಯಿ ತೆರೆದು ತೋರಿಸುವವರೆಗೆ ಅವನು ತನ್ನ ತಟ್ಟೆ ಮುಟ್ಟುವುದಿಲ್ಲ. ಇಂದು ಮಾತ್ರವಲ್ಲ, ಹೆರಿಗೆಯವರೆಗೆ ದಿನಾ, ಎರಡು ಹೊತ್ತು. ಅವನು ಫೋನ್ ಮಾಡಿ "ಉಂಡ್ಲು" ಅನ್ನುವವರೆಗೆ ನಾನೂ ಇಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಎದುರಿಗಿರುವವರ ಹಸಿವು ನಿನ್ನಿಂದ ನೋಡಲಾಗದು, ನನಗೆ ಚೆನ್ನಾಗಿ ಗೊತ್ತು, ಜೀವಮಾನವೆಲ್ಲ ಅದನ್ನೇ ತಿಂದು ಬೆಳೆದವನು ನಾನು. ನಿನ್ನ ಆ ಗುಣಕ್ಕೇ ಹಗ್ಗ ಕಟ್ಟಿ ಎಳೆಯುತ್ತಿದ್ದೇನೆ. ಇದೂ ದಬ್ಬಾಳಿಕೆಯೇ ಅನ್ನಿಸಿದರೆ ಬೈಯಿ, ಶಾಪ ಹಾಕು, ಆದರೆ ತಟ್ಟೆ ಖಾಲಿ ಮಾಡಿ ಆಮೇಲೆ ಹಾಕು.

ಅವನು ಬೆಳಗ್ಗೆಯಿಂದ ಏನೂ ತಿಂದಿಲ್ಲ. ಟೈರ್ ಎತ್ತಿ ಬಂದವನು, ಹಲ್ಲು ನೋವು ಬೇರೆ. ನೀನು ಇಲ್ಲಿಯವರೆಗೆ ಓದುವಷ್ಟರಲ್ಲಿ ಅನ್ನ ಆರುತ್ತಾ ಬಂದಿರುತ್ತದೆ, ಅವನು ಬಾಯಿ ಮುಚ್ಚಿಕೊಂಡು ನಿನ್ನ ಕೈಯನ್ನೇ ನೋಡುತ್ತಾ ಕೂತಿರುತ್ತಾನೆ. ಇಂದು "ನಂದು ಆಯ್ತು" ಎಂದು ಹೇಳಿದರೆ ಅವನು ನಂಬುವುದಿಲ್ಲ. ಪತ್ರ ಪಕ್ಕಕ್ಕಿಡು, ಮೊದಲು ನೀನು.

ಹೊಟ್ಟೆ ತುಂಬ ಉಂಡು, ಮೈತುಂಬ ರಕ್ತ ಕಟ್ಟಿಕೊಂಡು, ತಾಯಿ ಮಗು ಇಬ್ಬರೂ ಆ ಕೋಣೆಯಿಂದ ನಡೆದುಕೊಂಡು ಹೊರಗೆ ಬನ್ನಿ. ಇದೊಂದೇ ನನ್ನ ಹರಕೆ.

ನಿನ್ನ ಪಾಲನ್ನು ಇಷ್ಟು ವರ್ಷ ಉಂಡು ಬೆಳೆದ,
ಅಣ್ಣ